ಎಡಗಡೆ ಸೀಟಿನ ಚಿಕ್ಕಪ್ಪ

ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದ ನನ್ನ ಚಿಕ್ಕಪ್ಪ ಇಪ್ಪತ್ತಾರು ವರ್ಷ ಕೆಲಸಕ್ಕೆ ಹೋಗಿಬಂದದ್ದು ಬಸ್ಸಿನಲ್ಲಿ. ಇದನ್ನು ಕೇಳಿದವರು ನಗುತ್ತಾರೆ. ನಗಲಿ. ಡ್ರೈವಿಂಗ್ ಸ್ಕೂಲಿನ ಕಾರಿನೊಳಗೆ ಏನು ನಡೆಯುತ್ತದೆಂದು ಅವರಿಗೇನು ಗೊತ್ತು?

ಆ ಕಾರಿನಲ್ಲಿ ಕಲಿಯುವವರು ಸ್ಟೀರಿಂಗ್ ಹಿಡಿದು ಬಲಗಡೆ ಕೂರುತ್ತಾರೆ. ಮೇಷ್ಟ್ರು ಎಡಗಡೆ. ಮೇಷ್ಟ್ರ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಕಲಿಯುವವರು ಹಾಲಿನ ಗಾಡಿಗೆ ಗುದ್ದುವ ಮುಂಚೆ ಅದನ್ನು ಒತ್ತುವುದೇ ಚಿಕ್ಕಪ್ಪನ ಕಸುಬು. ದಿನಕ್ಕೆ ಎಂಟು ಜನ. ಒತ್ತಿ ಒತ್ತಿ ಅವರ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಟಿವಿಯಲ್ಲಿ ಕಾರು ಜೋರಾಗಿ ಓಡಿದರೆ ಸೋಫಾದಲ್ಲಿ ಕೂತೇ ನೆಲ ಒತ್ತುತ್ತಿದ್ದರು. ನಿದ್ದೆಯಲ್ಲಿ ಒತ್ತಿದಾಗ ಒದೆ ಬೀಳುತ್ತಿದ್ದದ್ದು ಚಿಕ್ಕಮ್ಮನಿಗೆ.

ಆ ಕಾಲು ಸುಮ್ಮನಿರುತ್ತಿದ್ದದ್ದು ಬಸ್ಸಿನಲ್ಲಿ ಮಾತ್ರ. ಹಿಂದಿನಿಂದ ಮೂರನೆಯ ಸಾಲು, ಕಿಟಕಿ ಪಕ್ಕ. ಅಲ್ಲಿಂದ ಮುಂದಿನ ರಸ್ತೆ ಕಾಣುವುದಿಲ್ಲ. ಕಾಣಬಾರದೆಂದೇ ಅವರು ಅಲ್ಲಿ ಕೂರುತ್ತಿದ್ದದ್ದು. ಮಹಡಿಗಳಲ್ಲಿ ಒಣಹಾಕಿದ ಬಟ್ಟೆ ನೋಡುತ್ತಾ, ಹಿಂದಿನ ಸೀಟಿನ ನರ್ಸುಗಳಿಬ್ಬರು ತಮ್ಮ ಮೇಲಧಿಕಾರಿಯನ್ನು ಬೆಂಡೆತ್ತುವುದನ್ನು ಕೇಳುತ್ತಾ, ನಡುವೆ ಒಂದು ಸಣ್ಣ ನಿದ್ದೆ ತೆಗೆದು ಇಳಿಯುತ್ತಿದ್ದರು. ಕೇಳಿದ್ದನ್ನೆಲ್ಲ ಸಂಜೆ ಉಪ್ಪು ಖಾರ ಹಚ್ಚಿ ಚಿಕ್ಕಮ್ಮನಿಗೆ ಒಪ್ಪಿಸುತ್ತಿದ್ದರು. ಆ ಮೇಲಧಿಕಾರಿಯ ಮೇಲೆ ಚಿಕ್ಕಮ್ಮನಿಗೂ, ಮುಖ ನೋಡದೆಯೇ, ಭಾರೀ ಸಿಟ್ಟಿತ್ತು.

ನಾನು ಅವರ ಮನೆಯಲ್ಲಿದ್ದು ಓದುತ್ತಿದ್ದ ವರ್ಷ, ಸ್ಕೂಲಿನ ಮಾಲೀಕರ ತಲೆಗೆ ಒಂದು ಹುಳ ಹೊಕ್ಕಿತು. ಮೇಷ್ಟ್ರೇ ಬಸ್ಸಿನಲ್ಲಿ ನೇತಾಡುತ್ತಾ ಬಂದರೆ ಕಲಿಯಲು ಯಾರು ಬರುತ್ತಾರೆ? ಸೋಮವಾರದಿಂದ ಸ್ಕೂಲಿನ ಕಾರನ್ನೇ ಮನೆಗೆ ಒಯ್ಯಬೇಕು, ನೆತ್ತಿಯ ಮೇಲಿನ ಬೋರ್ಡು ಬೀದಿ ಬೀದಿಯಲ್ಲಿ ಕಾಣಬೇಕು ಎಂದರು. ಚಿಕ್ಕಪ್ಪ ಹೂಂ ಎಂದು ಬಂದರು. ಅವರಿಗೆ ಬಾಯಿ ಬರುವುದು ಕಲಿಯುವವರ ಎದುರು ಮಾತ್ರ. ಮನೆಯಲ್ಲಾದರೂ ಬೇಡವೆನ್ನೋಣವೆಂದರೆ ಚಿಕ್ಕಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆ ಮುಂದೆ ಒಂದು ಕಾರು ನಿಲ್ಲಬೇಕೆಂಬುದು ಮದುವೆಯಾದಾಗಿನಿಂದ ಅವರಿಗಿದ್ದ ಆಸೆ. ಎದುರುಮನೆಗೆ ಕಾಣುವಂತೆ ದಿನಕ್ಕೆರಡು ಸಲ ಅದನ್ನು ಒರೆಸಿದರು. ಕಾರು ಸ್ವಂತದ್ದೇ ಅನ್ನಿಸಲೆಂದು, ಮನೆಗೆ ಬಂದ ಕೂಡಲೇ ಬೋರ್ಡಿಗೆ ದಿಂಬಿನ ಚೀಲ ತೊಡಿಸುತ್ತಿದ್ದರು.

ಎರಡೇ ವಾರದಲ್ಲಿ ಚಿಕ್ಕಪ್ಪ ಮನುಷ್ಯರಾಗಿ ಉಳಿಯಲಿಲ್ಲ. ಹಗಲೆಲ್ಲ ಕಾರು ಸಾಲದೆಂದು ಹೋಗುವಾಗ ಬರುವಾಗಲೂ ಕಾರು. ರಸ್ತೆಯಲ್ಲಿ ಸಿಕ್ಕವರೆಲ್ಲ ಅವರ ಕಣ್ಣಿಗೆ ಪಾಠ ಮರೆತ ಶಿಷ್ಯರೇ. ಇಂಡಿಕೇಟರ್ ಹಾಕದೆ ತಿರುಗಿದವನೊಬ್ಬನ ಬೆನ್ನು ಹತ್ತಿ ಹೋಗಿ ಬುದ್ಧಿ ಹೇಳಿ, ತಾವೇ ದಾರಿ ತಪ್ಪಿ, ಊಟ ಆರಿದ ಮೇಲೆ ಬಂದರು. ನರ್ಸುಗಳ ಸುದ್ದಿಯಿಲ್ಲ, ಎಡದಿಂದ ನುಗ್ಗಿದವರು ಯಾರು, ಬಲದಿಂದ ನುಗ್ಗಿದವರು ಯಾರು ಎಂಬುದಷ್ಟೇ ಮಾತು. ಆ ಮೇಲಧಿಕಾರಿ ಏನಾದಳೆಂದು ಚಿಕ್ಕಮ್ಮ ಕೇಳಿದರೆ ಉರಿದು ಬೀಳುತ್ತಿದ್ದರು. ನನಗೆ ಮೊದಲು ನಗು ಬರುತ್ತಿತ್ತು, ಆಮೇಲೆ ಪಾಪ ಅನ್ನಿಸತೊಡಗಿತು.

ಮೂರನೆಯ ವಾರ ಒಂದು ಬೆಳಿಗ್ಗೆ ಚಿಕ್ಕಪ್ಪ ಕಾರಿನೊಳಗೆ ಕೂತು, ಬಾಗಿಲು ಹಾಕಿ, ಬೆಲ್ಟ್ ಕಟ್ಟಿಕೊಂಡರು. ಕಾರು ಹೊರಡಲಿಲ್ಲ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದ ಚಿಕ್ಕಮ್ಮ ಗಾಬರಿಯಾಗಿ ಓಡಿದರು, ಹಿಂದೆಯೇ ನಾನು. ಚಿಕ್ಕಪ್ಪ ಎಡಗಡೆ ಸೀಟಿನಲ್ಲಿ ಕೂತಿದ್ದರು. ಸ್ಟೀರಿಂಗ್ ಇರುವ ಸೀಟು ಖಾಲಿ. ಬಲಗಾಲು ಮಾತ್ರ ತನ್ನ ಬ್ರೇಕಿನ ಮೇಲೆ ತಯಾರಾಗಿತ್ತು.

“ಯಾರಿಗೆ ಕಾಯ್ತಾ ಇದ್ದೀರಿ?” ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಪಕ್ಕದ ಸೀಟು ನೋಡಿದರು, ಕೈಯಲ್ಲಿದ್ದ ಕೀಲಿ ನೋಡಿದರು. ಅವರಿಗೂ ಆಗಲೇ ಗೊತ್ತಾದದ್ದು.

“ಹಗಲೆಲ್ಲ ಎಂಟು ಜನರ ಜೀವ ನನ್ನ ಕಾಲ ಕೆಳಗಿರತ್ತೆ ಕಣೇ,” ಎಂದರು ಮೆಲ್ಲಗೆ. “ಹೋಗ್ತಾ ಬರ್ತಾ ಆದ್ರೂ ನನ್ನ ಜೀವಾನ ಬೇರೆ ಯಾರಾದ್ರೂ ನೋಡ್ಕೊಳ್ಳಲಿ ಅನ್ಸತ್ತೆ.”

ಚಿಕ್ಕಮ್ಮ ಬಾಗಿಲು ತೆಗೆದು ಬೆಲ್ಟ್ ಬಿಚ್ಚಿ, ಕೀಲಿ ಕಿತ್ತುಕೊಂಡರು. ಬಸ್ಸಿಗೆ ಹೊತ್ತಾಯಿತು ಹೊರಡಿ, ಮಾಲೀಕರಿಗೆ ನಾನು ಹೇಳಿಕೊಳ್ಳುತ್ತೇನೆ ಎಂದರು. ಇನ್ನೊಂದು ವಾರ ಹೀಗೇ ಆದರೆ ಇರುವ ಶಿಷ್ಯರೂ ಓಡಿಹೋಗುತ್ತಾರೆ ಎಂದು ಫೋನಿನಲ್ಲಿ ಹೆದರಿಸಿದರು. ಮಧ್ಯಾಹ್ನ ಮಾಲೀಕರೇ ಬಂದು ಕಾರು ತೆಗೆದುಕೊಂಡು ಹೋದರು.

ಎದುರುಮನೆಯಾಕೆ ಬಿಟ್ಟಾರೆಯೇ? ಸಂಜೆ ಗೇಟಿನವರೆಗೆ ಬಂದು, ನಿಮ್ಮ ಕಾರು ಕಾಣುತ್ತಿಲ್ಲವಲ್ಲ ಎಂದರು. ಅಷ್ಟು ವರ್ಷ ಕಾದು ಎರಡು ವಾರ ಅನುಭವಿಸಿದ ಚಿಕ್ಕಮ್ಮನ ಮುಖ ಒಂದು ಗಳಿಗೆ ಬಾಡಿತು. ಆಮೇಲೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡರು.

“ನಮ್ಮೋರಿಗೆ ಡ್ರೈವರ್ ಇರೋ ಗಾಡೀನೇ ಒಗ್ಗೋದು ನೋಡಿ,” ಎಂದರು. “ಬಾಗಿಲು ತೆಗೆಯೋಕೆ ಇನ್ನೊಬ್ಬ ಬೇರೆ.”