ದೋಣಿ ಹೊತ್ತು ನಡೆಯುತ್ತಿದ್ದ ಆಪಾ

ಆಪಾರ ಎರಡೂ ಹೆಗಲ ಮೇಲೆ, ಕುತ್ತಿಗೆಯ ಬುಡಕ್ಕೆ ಅಂಟಿಕೊಂಡಂತೆ, ಕಪ್ಪಗೆ ಜಡ್ಡುಗಟ್ಟಿದ ಎರಡು ಗುರುತುಗಳಿದ್ದವು. ದುಪಟ್ಟಾ ಜಾರಿದಾಗ ಕಾಣಿಸುತ್ತಿದ್ದವು. ಮೊದಲ ಸಲ ನೋಡಿದಾಗ ಏನೋ ಸುಟ್ಟ ಗಾಯವಿರಬೇಕು, ಕೇಳಬಾರದು ಎಂದುಕೊಂಡೆ. ನನ್ನ ಕಣ್ಣು ಅಲ್ಲೇ ನೆಟ್ಟಿದ್ದನ್ನು ನೋಡಿ ಅವರೇ ಹೇಳಿದರು: "ನೊಗದ ಗುರ್ತ ತಂಗಿ. ಎತ್ತಿನ ಹೆಗಲ ಮ್ಯಾಲ ಇರೂದಿಲ್ಲೇನು, ಹಂಗ." ಹಲ್ಲಿನ ಡಾಕ್ಟರಿಗೆ ನೊಗ ಎಲ್ಲಿಂದ ಬಂತು ಎಂದು ನನಗೆ ತಿಳಿದದ್ದು ಅವರ ಗರಾಜಿನ ಬಾಗಿಲು ತೆರೆದಾಗ. ಅಲ್ಲಿ ಸೂರಿಗೆ ತೂಗುಹಾಕಿದ ಹಸಿರು ಬಣ್ಣದ ಕೆನೂ ದೋಣಿಯೊಂದಿತ್ತು. ಅದರ ನಡುವೆ ಅಡ್ಡಕ್ಕೆ, ಹೆಗಲು ಕೂರುವಂತೆ ಕೆತ್ತಿದ ಮರದ ಪಟ್ಟಿ. ದೋಣಿಯನ್ನು ಬೋರಲು ಮಾಡಿ ಆ ಪಟ್ಟಿಯನ್ನು ಹೆಗಲಿಗೆ ಕೊಟ್ಟು ಅವರು ಮೈಲಿಗಟ್ಟಲೆ ನಡೆಯುತ್ತಿದ್ದರು.

ಮಿಲ್ಪಿಟಾಸ್‌ನಲ್ಲಿ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ಒಂದೇ ಗೋಡೆ. ಅವರು ಬಿಜಾಪುರದ ಕಡೆಯವರು, ನಾವು ಮೈಸೂರಿನವರು. ನನಗೂ ನನ್ನ ಗಂಡನಿಗೂ ಅವರು ಆಪಾ, ಅಂದರೆ ಅಕ್ಕ. ಹೇವರ್ಡಿನಲ್ಲಿ ಅವರ ಕ್ಲಿನಿಕ್ಕು. ಅದನ್ನು ಅವರಿಗೆ ಬಿಟ್ಟುಕೊಟ್ಟು ನಿವೃತ್ತನಾದ ಮುದುಕ ಡಾಕ್ಟರು ಮಿನೆಸೋಟದವನು. ಹೋಗುವಾಗ ದೋಣಿಯನ್ನೂ ಅದನ್ನು ಹೊರುವ ವಿದ್ಯೆಯನ್ನೂ ಆಪಾಗೆ ದಾಟಿಸಿ ಹೋಗಿದ್ದ. ಪ್ರತಿ ಬೇಸಿಗೆಯಲ್ಲಿ ಒಂದು ವಾರ ಕ್ಲಿನಿಕ್ಕು ಮುಚ್ಚಿ ಆಪಾ ಮಿನೆಸೋಟದ ಉತ್ತರಕ್ಕೆ, ಕೆನಡಾ ಗಡಿಯ ಕಾಡಿಗೆ ಹೊರಡುತ್ತಿದ್ದರು. ಅಲ್ಲಿ ದೋಣಿ ಬಾಡಿಗೆಗೆ ಸಿಗುತ್ತಿತ್ತು. ಗರಾಜಿನದು ಅಭ್ಯಾಸಕ್ಕೆ. ಆ ಕಾಡಿನ ತುಂಬ ಕೆರೆಗಳು. ಒಂದು ಕೆರೆ ಮುಗಿದ ಮೇಲೆ ದೋಣಿಯನ್ನೂ ಗಂಟುಮೂಟೆಯನ್ನೂ ಹೊತ್ತು, ಕಲ್ಲು ಕೆಸರಿನ ಕಾಲುದಾರಿಯಲ್ಲಿ ನಡೆದು, ಮುಂದಿನ ಕೆರೆಗೆ ಇಳಿಸಬೇಕು. ಹಾಗೆ ಹೊರುವ ದಾರಿಗೆ ಪೋರ್ಟೇಜು ಎನ್ನುತ್ತಾರೆ. ಹುಟ್ಟು ಹಾಕುವುದನ್ನು ಯಾರು ಬೇಕಾದರೂ ಕಲಿಯಬಹುದು, ಮನುಷ್ಯರ ಬಣ್ಣ ಬಯಲಾಗುವುದು ಪೋರ್ಟೇಜಿನಲ್ಲಿ ಎಂಬುದು ಆಪಾರ ಖಚಿತ ಅಭಿಪ್ರಾಯ.

ಭಾನುವಾರ ಬೆಳಿಗ್ಗೆ ಅವರು ಕೊಲ್ಲಿಯ ಅಂಚಿನ ಏರಿಯ ಮೇಲೆ ದೋಣಿ ಹೊತ್ತು ನಡೆಯುತ್ತಿದ್ದರು. ಮುಖ ಕಾಣುತ್ತಿರಲಿಲ್ಲ. ಸಲ್ವಾರು ತೊಟ್ಟ ಎರಡು ಕಾಲುಗಳ ಮೇಲೆ ಹಸಿರು ದೋಣಿಯೊಂದು ತಾನಾಗಿ ಹೋಗುತ್ತಿದೆ ಅನ್ನಿಸುತ್ತಿತ್ತು. ಜಾಗಿಂಗಿಗೆ ಬಂದವರು ನಿಂತು ದಾರಿ ಬಿಡುತ್ತಿದ್ದರು. ನನ್ನ ಗಂಡನಿಗೆ ಇದು ದೊಡ್ಡ ತಮಾಷೆ. "ಆಪಾ, ಫ್ರೀವೇ ಮೇಲೂ ಹಿಂಗೇ ಹೋಗಿ, ಟ್ರಾಫಿಕ್ಕು ಕ್ಲಿಯರ್ ಆಗತ್ತೆ," ಎನ್ನುತ್ತಿದ್ದ. ಬೇಸಿಗೆಯಲ್ಲಿ ನೀನೂ ಬಾ ಎಂದರೆ ಅವನದು ಒಂದೇ ಉತ್ತರ: "ಐಪಿಓ ಆಗಲಿ ಆಪಾ, ಆಮೇಲೆ ನಾನೇ ದೋಣಿ ಹೊರ್ತೀನಿ."

ಅದು ಡಾಟ್‌ಕಾಮ್ ಕಾಲ. ಷೇರು ಮಾರುಕಟ್ಟೆಗೆ ಇಳಿಯಲು ಹೊರಟಿದ್ದ ಅವನ ಕಂಪನಿ ಮೆನ್ಲೋ ಪಾರ್ಕಿನಲ್ಲಿತ್ತು. ಮನೆಗೆ ಸ್ನಾನಕ್ಕೆ ಬಂದು ಹೋಗುತ್ತಿದ್ದ ಎಂದರೆ ಸರಿ. ಸುಸ್ತಾಗಿದೆಯಾ ಎಂದರೆ ಇಲ್ಲ ಎನ್ನುತ್ತಿದ್ದ, ಅದು ಸುಳ್ಳೂ ಆಗಿರಲಿಲ್ಲ. ಒಂದು ಚಳಿಗಾಲದ ಸಂಜೆ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ, ಕಾರಿನ ಸೀಟಿನಲ್ಲಿ ಕೂತವನು ಕೂತ ಹಾಗೇ ಹೋಗಿಬಿಟ್ಟ. ಹೃದಯ ನಿಂತಿತ್ತು. ಸೀಟ್ ಬೆಲ್ಟು ಹಾಕಿಕೊಂಡಿದ್ದನಂತೆ.

ನನಗೆ ಏನೂ ಆಗಲಿಲ್ಲ. ಬೇರೆ ಮಾತು ಹುಡುಕುವುದೂ ಬೇಡ, ನಿಜವಾಗಿ ಏನೂ ಆಗಲಿಲ್ಲ. ಬಂದವರಿಗೆ ಕಾಫಿ ಮಾಡಿದೆ. ಯಾರ ಕಾರು ಎಲ್ಲಿ ನಿಲ್ಲಿಸಬೇಕು ಎಂದು ಹೇಳಿದೆ. ಕೆಲವೇ ದಿನಗಳಲ್ಲಿ ಕೆಲಸಕ್ಕೂ ಹೋದೆ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಎಂದು ಹೊಗಳಿದರು. ಗಂಡನ ಅಣ್ಣ, ನನ್ನ ಭಾವ, ಬೆಂಗಳೂರಿನಿಂದ ಬಂದರು. ಒಳ್ಳೆಯವರು. ಮನೆ ಮಾರಿ, ನನ್ನನ್ನೂ ಏಳು ವರ್ಷದ ಮಗಳನ್ನೂ ಕರೆದುಕೊಂಡು ಹೋಗುವುದು ತಮ್ಮ ಕರ್ತವ್ಯ ಎಂದು ತಿಳಿದಿದ್ದರು. ಬೇಸಿಗೆಗೆ ಮತ್ತೆ ಬಂದಾಗ, "ಸೆಪ್ಟೆಂಬರ್ ಹೊತ್ತಿಗೆ ಎಲ್ಲ ಮುಗಿಸಿಬಿಡೋಣಮ್ಮ, ಆಗಬಹುದಾ?" ಎಂದು ಕೇಳಿದರು. ಹೂಂ ಎಂದೆ. ಆಗ ನಾನು ಎಲ್ಲರಿಗೂ ಹೂಂ ಎನ್ನುತ್ತಿದ್ದೆ.

ಈ ಹೂಂಗೆ ಹೆದರಿದವರು ಆಪಾ ಒಬ್ಬರೇ. ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು.

"ಹಲ್ಲ ಕೀಳೂವಾಗ ಇಂಜೆಕ್ಷನ್ ಕೊಡ್ತೀನಲ್ಲ ತಂಗಿ, ಆಮ್ಯಾಲ ಪೇಶಂಟಿಗೆ ಏನ್ ಹೇಳ್ತೀನಿ ಗೊತ್ತನು? ಜೋಮು ಇಳಿಯೂ ತನಕ ಏನೂ ಅಗೀಬ್ಯಾಡ, ಕೆನ್ನಿ ಕಚ್ಕೊಂಡ್ರೂ ನಿನಗ ಗೊತ್ತಾಗೂದಿಲ್ಲ ಅಂತ. ನಿನಗೂ ಅದೇ ಮಾತು. ಮನಿ ಮಾರೂದು, ಇಲ್ಲಿಂದ ಏಳೂದು, ಎಲ್ಲಾ ಆಮ್ಯಾಲ. ಮೊದ್ಲ ನನ್ನ ಸಂಗಾಟ ಕೆರಿಗೆ ಬಾ."

ಹೂಂ ಎಂದೆ. ಭಾವನಿಗೆ ವಿಷಯ ತಿಳಿದಾಗ ಮುಖ ಕೆಂಪಾಯಿತು. "ಏನ್ರೀ ಡಾಕ್ಟ್ರೇ, ಇವಳಿಗೆ ಈಗ ಪಿಕ್ನಿಕ್ಕು ಬೇಕಾ? ನಾಲ್ಕು ಜನ ಏನಂತಾರೆ?"

"ನಾಕ ಮಂದಿ ಅಲ್ಲಿ ಇರೂದಿಲ್ರಿ. ಅದಕ್ಕೇ ಕರ್ಕೊಂಡ ಹೊಂಟೀನಿ," ಎಂದರು ಆಪಾ.

ಮೂಟೆ ಕಟ್ಟುವುದು ಅವರ ಗರಾಜಿನಲ್ಲಿ, ಹಳೆಯ ಜಮಖಾನದ ಮೇಲೆ. ತಂದಿದ್ದೆಲ್ಲವನ್ನೂ ಅಲ್ಲಿ ಹರಡಬೇಕು. ಒಂದೊಂದನ್ನೂ ಎತ್ತಿ ಇದು ಯಾತಕ್ಕೆ ಎಂದು ಹೇಳಬೇಕು. ಭಾವ ಮುನಿಸಿಕೊಂಡಿದ್ದರೂ ಜವಾಬ್ದಾರಿ ಬಿಡುವವರಲ್ಲ. ಸೋನಾ ಮಸೂರಿಯ ಚೀಲ, ಕುಕ್ಕರು, ಅತ್ತೆ ಕಳಿಸಿದ್ದ ಗಾಜಿನ ಭರಣಿಯ ಮಾವಿನಕಾಯಿ ಉಪ್ಪಿನಕಾಯಿ, ನನಗೆ ಮೂರು ಸ್ವೆಟರು ಎಲ್ಲವನ್ನೂ ತಾವೇ ಹೊತ್ತು ತಂದು ಇಟ್ಟಿದ್ದರು. ಆಪಾ ಕುಕ್ಕರನ್ನು ಬದಿಗೆ ಸರಿಸಿದರು. ಭರಣಿಯನ್ನು ಸರಿಸಿದರು. "ಇದು ಹಸಿವಿಗೆ ಕಟ್ಟಿದ್ದಲ್ರಿ, ಅಂಜಿಕಿಗೆ ಕಟ್ಟಿದ್ದು," ಎಂದರು. ಅವರ ಸಾಮಾನು ಬಹಳ ಕಡಿಮೆ. ಎರಡು ತಟ್ಟೆಗಳ ನಡುವೆ ಬಿಗಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅವಲಕ್ಕಿ, ತೊಗರಿಬೇಳೆ, ಒಂದು ಪಾತ್ರೆ. ತೂಕದ್ದು ಬೆನ್ನಿಗೆ ಹತ್ತಿರ, ಮೇಲಕ್ಕೆ, ಮೆತ್ತನೆಯದು ಹೊರಗಡೆಗೆ. ಕಟ್ಟಿದ ಮೇಲೆ ಚೀಲ ಹಾಕಿಕೊಂಡು ಗರಾಜಿನಲ್ಲೇ ಓಡಾಡಿಸಿದರು. ಭಾವ ಬಾಗಿಲಲ್ಲಿ ನಿಂತು, ಉಪ್ಪಿನಕಾಯಿಯನ್ನು ಪ್ಲಾಸ್ಟಿಕ್ ಡಬ್ಬಿಗಾದರೂ ಹಾಕಿಕೊಡಲೇ ಎಂದು ಕೇಳಿದರು. ಅದಕ್ಕೆ ಆಪಾ ಒಪ್ಪಿದರು.

ಮಗಳನ್ನು ಆಪಾರ ಗಂಡ ನೋಡಿಕೊಳ್ಳುವುದೆಂದು ಮಾತಾಯಿತು. ಅವರನ್ನು ನಾವು ಭಾಯ್‌ಸಾಬ್ ಎನ್ನುತ್ತಿದ್ದೆವು. ನೀರೆಂದರೆ ಹೆದರುವ, ಬಿರಿಯಾನಿ ಚೆನ್ನಾಗಿ ಮಾಡುವ ಮನುಷ್ಯ. ಹೊರಡುವ ಬೆಳಿಗ್ಗೆ ಮಗಳು ಅವರ ಕೈ ಹಿಡಿದು ನಿಂತಿದ್ದಳು. "ಒಂದೇ ವಾರ ಪುಟ್ಟಿ, ಬಂದ್ಬಿಡ್ತೀನಿ," ಎಂದೆ. "ಯೂ ವಿಲ್ ಕಮ್ ಬ್ಯಾಕ್, ರೈಟ್?" ಎಂದಳು. ಆ ಮಾತು ಕೇಳಿದರೆ ಎದೆ ಒಡೆಯಬೇಕಿತ್ತು. ನಾನು ವಾಚು ನೋಡಿಕೊಂಡು ಏರ್‌ಪೋರ್ಟಿಗೆ ಹೊತ್ತಾಯಿತು ಎಂದೆ.

ಕೆರೆಯಲ್ಲಿ ಆಪಾ ಹಿಂದೆ, ನಾನು ಮುಂದೆ. ಚೆಲುವಾದ ಜಾಗವಿರಬೇಕು. ನೀರು, ಮರ, ಮತ್ತೆ ನೀರು ಎಂದಷ್ಟೇ ನನಗೆ ನೆನಪು.

ಹೊರುವುದಕ್ಕೆ ಆಪಾರದು ಒಂದು ಕ್ರಮ. ಎಲ್ಲವನ್ನೂ ಒಂದೇ ಸಲಕ್ಕೆ ಹೊತ್ತು ಮುಗಿಸುವ ಆತುರ ಕೂಡದು. ಅವರು ದೋಣಿ ಹೊತ್ತರೆ ನಾನೊಂದು ಚೀಲ. ಅರ್ಧ ದಾರಿಯಲ್ಲಿ ಅವನ್ನು ಇಳಿಸಿ, ಬರಿಗೈಯಲ್ಲಿ ಹಿಂದಕ್ಕೆ ನಡೆದು, ಉಳಿದ ಎರಡು ಚೀಲಗಳನ್ನು ಒಬ್ಬೊಬ್ಬರು ಒಂದೊಂದು ಅಲ್ಲಿಗೇ ತಂದು ಇಳಿಸಬೇಕು. ಉಳಿದರ್ಧ ದಾರಿಯೂ ಹಾಗೆಯೇ. "ದಣಿಯೂಕಿಂತ ಮೊದ್ಲ ಇಳಸ್ಬೇಕು. ದಣಿದ ಮ್ಯಾಲ ಇಳಿಸಿದ್ರ ಅದು ಇಳಿಸಿದಂಗಲ್ಲ, ಬಿದ್ದಂಗ. ಹಿಂದ ನಡಿಯೂವಾಗ ಬೆನ್ನ ಖಾಲಿ ಇರ್ತದ, ಅದೇ ನಿನ್ನ ವಿಶ್ರಾಂತಿ. ಕುಂತ್ರ ಕಾಲ ಹಿಡ್ಕೋತಾವು."

ಮೊದಲನೆಯ ಪೋರ್ಟೇಜಿನಲ್ಲೇ ಎಡವಟ್ಟಾಯಿತು. ಅರ್ಧ ದಾರಿಗೆ ದೋಣಿ ಸೇರಿಸಿ ಇಬ್ಬರೂ ವಾಪಸು ಬಂದೆವು. ಮಧ್ಯಾಹ್ನದ ನಮಾಜಿನ ಹೊತ್ತು. "ನೀ ನಿನ್ನ ಚೀಲ ತಗೊಂಡು ನಡಿ, ನಾ ಹಿಂದಿಂದ ಬರ್ತೀನಿ," ಎಂದು ಆಪಾ ಕೆರೆಯ ಅಂಚಿಗೆ ಹೋದರು. ನಾನು ನನ್ನ ಚೀಲ ಬೆನ್ನಿಗೆ ಹಾಕಿಕೊಂಡೆ. ಅವರ ಚೀಲ ಅಲ್ಲೇ ಬಿದ್ದಿತ್ತು. ಹಿರಿಯರ ಚೀಲ ಕಂಡರೆ ಇಸಿದುಕೊಳ್ಳದೆ ನಮ್ಮ ಕಡೆಯವರಿಗೆ ಕೈ ಸುಮ್ಮನಿರುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ರೈಲಿನಲ್ಲಿ, ಮದುವೆಮನೆಯಲ್ಲಿ ಮಾಡಿಕೊಂಡು ಬಂದದ್ದನ್ನೇ ಅಲ್ಲೂ ಮಾಡಿದೆ. ಅವರದನ್ನು ಎದೆಗೆ ಹಾಕಿಕೊಂಡು ಹೊರಟೆ. ಅರ್ಧ ದಾರಿ ಬಂತು. ದೋಣಿ ಮರಕ್ಕೆ ಒರಗಿತ್ತು. ನಿಲ್ಲಬೇಕು ಅನ್ನಿಸಲಿಲ್ಲ. ನಡೆದೆ. ಇನ್ನೊಂದು ಕೆರೆ ಬಂದು, ಮುಂದೆ ಹೋಗಲು ದಾರಿಯಿಲ್ಲದ್ದರಿಂದ ನಿಂತೆ.

ಆಪಾ ಓಡಿಕೊಂಡು ಬಂದರು. ಚೀಲ ಕಾಣದೆ ಕರಡಿ ಎಳೆದುಕೊಂಡು ಹೋಯಿತೇನೋ, ನನಗೂ ಏನಾಯಿತೋ ಎಂದು ಅವರಿಗೆ ಜೀವ ಹಾರಿಹೋಗಿತ್ತು. "ನನ್ನ ಚೀಲಕ್ಕ ಯಾಕ ಕೈ ಹಚ್ಚಿದಿ?" ಎಂದು ಕೂಗಿದರು. ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ನೀವು ದೊಡ್ಡೋರು ಆಪಾ. ನಿಮ್ಮ ಕೈಲಿ ಹೊರಿಸೋಕಾಗತ್ತಾ?"

"ನಡುವ ಯಾಕ ಇಳಸ್ಲಿಲ್ಲ?"

"ಭಾರ ಅನ್ನಿಸ್ಲಿಲ್ಲ."

ಅವರು ನನ್ನ ಕಾಲು ನೋಡಿದರು. ಒಂದು ಬೂಟಿನ ಹಿಂಭಾಗ ಕೆಂಪಾಗಿತ್ತು. ಕೂರಿಸಿ ಬೂಟು ಬಿಚ್ಚಿದರು. ಹಿಮ್ಮಡಿಯ ಚರ್ಮ ಕಾಲುಚೀಲದ ಜೊತೆಗೇ ಕಿತ್ತು ಬಂತು. "ನೋಯ್ತದನು?" ಎಂದರು. ಇಲ್ಲ ಎಂದೆ. ಒತ್ತಿ ನೋಡಿದರು. "ಈಗ?" ಇಲ್ಲ ಎಂದೆ. ಅವರ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಕ್ಲಿನಿಕ್ಕಿನಲ್ಲಿ ಮಾಡುವಷ್ಟೇ ಶುಚಿಯಾಗಿ ತೊಳೆದು, ಔಷಧಿ ಹಚ್ಚಿ, ಪಟ್ಟಿ ಕಟ್ಟಿದರು. ಕಟ್ಟುತ್ತಾ ತಲೆ ಎತ್ತದೆ ಹೇಳಿದರು:

"ನಿನ್ನ ಗಂಡನೂ ಹಿಂಗೇ ಅಂತಿದ್ದ. ಭಾರ ಇಲ್ಲಾ ಆಪಾ, ಭಾರ ಇಲ್ಲಾ ಅಂತ. ಇನ್ನ ಮ್ಯಾಲ ನಿನ್ನ ಮೈ ಮಾತು ನೀ ಕೇಳಬ್ಯಾಡ. ಅದು ಸುಳ್ಳ ಹೇಳಾಕತ್ತೈತಿ. ನಾ ಇಳಸು ಅಂದಲ್ಲಿ ಇಳಸು, ಕೂಡು ಅಂದಲ್ಲಿ ಕೂಡು."

ಹಾಗೇ ಮಾಡಿದೆ. ಅವರು ಇಳಿಸು ಎಂದಾಗ ಇಳಿಸಿದೆ, ನೀರು ಕುಡಿ ಎಂದಾಗ ಕುಡಿದೆ. ಹಗುರವಾದ ಚೀಲ ಮಾತ್ರ ಕೊಡುತ್ತಿದ್ದರು. ಸಂಜೆ ಪಟ್ಟಿ ಬದಲಿಸುವಾಗ ನೋಯುತ್ತದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ರೊಟ್ಟಿ ಮುರಿದು ಕೊಡುತ್ತಿದ್ದರು. ಭಾವನ ಉಪ್ಪಿನಕಾಯಿ ಇಬ್ಬರಿಗೂ ಹಿಡಿಸಿತ್ತು.

ಕೊನೆಯಲ್ಲಿ ಎಲ್ಲಕ್ಕಿಂತ ಉದ್ದದ ಪೋರ್ಟೇಜು. ಮೊದಲ ಸಲ ಹೊತ್ತದ್ದನ್ನು ನಡುದಾರಿಯಲ್ಲಿ ಬಿಟ್ಟು ಬರಿಗೈಯಲ್ಲಿ ಹಿಂದಕ್ಕೆ ಬರುತ್ತಿದ್ದೆವು. ಸೊಳ್ಳೆಗಳು ಮುತ್ತುತ್ತಿದ್ದವು. ಆಪಾ ಮುಂದಿದ್ದರು, ನಾನು ಹಿಂದೆ. ಏನೋ ಚುಚ್ಚಿದಂತಾಯಿತು. ಕಲ್ಲು ಹೊಕ್ಕಿದೆಯೆಂದು ಬೂಟು ಕೊಡವಿಕೊಂಡೆ. ಕಲ್ಲಿರಲಿಲ್ಲ. ಮತ್ತೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಕಣ್ಣು ಕತ್ತಲಿಡುವಷ್ಟು ಉರಿ.

"ಆಪಾ," ಎಂದೆ, "ಕಾಲು ನೋಯ್ತಿದೆ."

ಅವರು ತಿರುಗಿದರು. "ಏನಂದಿ?"

"ಹಿಮ್ಮಡಿ. ತುಂಬ ನೋಯ್ತಿದೆ ಆಪಾ. ನಡೆಯೋಕಾಗ್ತಿಲ್ಲ."

"ಖರೇನ?" ಎಂದರು. ಅಷ್ಟು ದೋಣಿ ಹೊತ್ತ ಹೆಂಗಸು ದಾರಿಯ ನಡುವೆ, ಕೆಸರಿನಲ್ಲೇ ಕೂತು, ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಡುನಡುವೆ ನನ್ನ ಗಂಡನ ಹೆಸರು ಹಿಡಿದು ಬೈದರು. ಒಂದು ಬೇಸಿಗಿ, ಒಂದೇ ಒಂದು ಬೇಸಿಗಿ ಬರಾಕ ಏನಾಗಿತ್ತು ನಿನಗ ಎಂದರು. ನಾನು ಪಕ್ಕದಲ್ಲಿ ಒಂಟಿಕಾಲಲ್ಲಿ ನಿಂತು ಅವರ ಬೆನ್ನ ಮೇಲಿನ ಸೊಳ್ಳೆಗಳನ್ನು ಓಡಿಸಿದೆ. ನನಗೆ ಅಳು ಬರಲಿಲ್ಲ. ಕಾಲು ಮಾತ್ರ ನೋಯುತ್ತಿತ್ತು.

ಆ ದಿನ ಉಳಿದ ದಾರಿ ಮುಗಿಸಲು ಸಂಜೆಯಾಯಿತು. ಎಲ್ಲಿ ಇಳಿಸಬೇಕೆಂದು ಆಪಾ ಹೇಳಲಿಲ್ಲ. ಸಾಕು ಎಂದು ನಾನೇ ಹೇಳುತ್ತಿದ್ದೆ. ಹೇಳಿದಲ್ಲೆಲ್ಲ ಅವರು ನಿಂತರು.

ಮಿಲ್ಪಿಟಾಸ್‌ಗೆ ಬಂದ ಮರುದಿನ ಭಾವ ಮನೆ ಮಾರುವ ಮಾತು ತೆಗೆದರು. ಕುಂಟುತ್ತಾ ಹೋಗಿ ಅವರ ಎದುರು ಕೂತೆ. "ನಾನು ಈಗ ಬರಲ್ಲ ಭಾವ," ಎಂದೆ. "ಬರೋದೇ ಇಲ್ಲ ಅಂತಲ್ಲ. ಈಗ ನನಗೆ ಏನೂ ಗೊತ್ತಾಗ್ತಿಲ್ಲ. ಗೊತ್ತಾದ ಮೇಲೆ ಹೇಳ್ತೀನಿ." ಅವರು ನನ್ನ ಪಟ್ಟಿ ಕಟ್ಟಿದ ಹಿಮ್ಮಡಿ ನೋಡಿದರು. "ಆಯ್ತಮ್ಮ, ಕಾಲಿಗೇನಾಯ್ತು?" ಎಂದರು. ಒಬ್ಬರೇ ವಾಪಸು ಹೋದರು. ಇಂದಿಗೂ ಭಾನುವಾರ ಫೋನು ಮಾಡುತ್ತಾರೆ.

ನಾನು ಹೋಗಲಿಲ್ಲ. ಡಾಟ್‌ಕಾಮ್ ಗದ್ದಲ ಅಡಗಿ, ನಮ್ಮ ರಸ್ತೆಯಲ್ಲಿ ಎಷ್ಟೋ ಮನೆಗಳು ಖಾಲಿಯಾದವು. ನನ್ನ ಕೆಲಸ ಹೇಗೋ ಉಳಿಯಿತು. ಮಗಳು ಇಲ್ಲೇ ಬೆಳೆದಳು. ಅದೆಲ್ಲ ಸರಿ ಹೋಯಿತೆಂದು ಯಾರಾದರೂ ಬರೆದರೆ ಅದು ಪೂರ್ತಿ ನಿಜವಲ್ಲ. ಜೋಮು ಒಂದೇ ಸಲ ಇಳಿಯಲಿಲ್ಲ. ಇವತ್ತು ಕಾಲು, ಇನ್ನೊಂದು ತಿಂಗಳು ಹೊಟ್ಟೆ, ಹೀಗೆ ಬಂತು. ಒಂದು ದಿನ ಹಸಿವಾದದ್ದು ಗೊತ್ತಾಯಿತು. ಮಗಳ ಮೇಲೆ ಮೊದಲ ಸಲ ರೇಗಿದ ದಿನ ಆಪಾಗೆ ಹೋಗಿ ಹೇಳಿದೆ, ಸಿಹಿ ಸುದ್ದಿ ಕೇಳಿದವರಂತೆ ನಕ್ಕರು. ಆಮೇಲೆ ಹಲವು ಬೇಸಿಗೆ ಇಬ್ಬರೂ ಕೆರೆಗೆ ಹೋದೆವು. ಗಂಡನಿಗಾಗಿ ಮಾತ್ರ ನಾನು ಅತ್ತಿರಲಿಲ್ಲ. ಅದನ್ನು ಅವರು ಒಮ್ಮೆಯೂ ಕೇಳಲಿಲ್ಲ.

ಆಪಾಗೆ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ಅದು ಹೊಟ್ಟೆಯೆಲ್ಲ ಹಬ್ಬಿತ್ತು. ಬೇಸಿಗೆ ಬರುವ ಮೊದಲೇ ಹೋದರು. ಮಣ್ಣು ಮಾಡುವ ಜಾಗದಲ್ಲಿ ಹೆಂಗಸರ ಸಾಲಿನ ಕೊನೆಯಲ್ಲಿ ತಲೆಗೆ ದುಪಟ್ಟಾ ಹೊದ್ದು ನಿಂತಿದ್ದೆ. ಗಂಡಸರು ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕತೊಡಗಿದರು. ಅಷ್ಟರಲ್ಲಿ ನನ್ನ ಬಾಯಿಂದ ಒಂದು ದನಿ ಬಂತು. ಅದು ನನ್ನದೆಂದು ಗೊತ್ತಾಗಲು ಹೊತ್ತು ಹಿಡಿಯಿತು. ಮೊದಲು ಆಪಾ ಎಂದು ಕೂಗುತ್ತಿದ್ದೆ, ಆಮೇಲೆ ನನ್ನ ಗಂಡನ ಹೆಸರು ಕೂಗುತ್ತಿದ್ದೆ. ನಿಲ್ಲಿಸಲು ಆಗಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಹಿರಿಯ ಹೆಂಗಸೊಬ್ಬರು ಬಂದು ನನ್ನ ತೋಳು ಹಿಡಿದು, ಸಬೂರ್, ಇಷ್ಟು ಗಟ್ಟಿಯಾಗಿ ಅಳಬಾರದು ಎಂದರು.

ಭಾಯ್‌ಸಾಬ್ ಮಣ್ಣಿನ ಕೈಯಲ್ಲೇ ಬಂದು ಅವರನ್ನು ತಡೆದರು.

"ಬಿಡ್ರಿ, ಅಳ್ಲಿ," ಎಂದರು. "ಇಷ್ಟರ ಸಲುವಾಗಿ ನಮ್ಮಾಕಿ ಭಾಳ ವರ್ಷ ಕಾದಾಳ."