ಅತ್ತೆ ಆಟಿ ಕೂತ ವರ್ಷ

ಜಾಲ್ಸೂರಿನ ದೇವಮ್ಮ ಬದುಕಿನುದ್ದಕ್ಕೂ ಕೇದಿಗೆ ಜಾತಿಯ ಮುಂಡುಗದ ಓಲೆಯ ಚಾಪೆ ಹೆಣೆದವರು. ಮುಳ್ಳು ತೆಗೆದು, ಬೇಯಿಸಿ, ಒಣಗಿಸಿದ ಓಲೆ ಅವರ ಕೈಗೆ ಬಂದರೆ ಮಾತು ಕೇಳುತ್ತಿತ್ತು. ಗಂಡ ಬೇಗ ತೀರಿಹೋದ ಮೇಲೆ ಮಗ ಮೇದಪ್ಪನನ್ನು ಸಾಕಿದ್ದು ಆ ಚಾಪೆಗಳೇ. ಸಂಜೆ ದೀಪ ಇಟ್ಟು ಕೈಮುಗಿದರೆ "ಎಲ್ಲರನ್ನೂ ಕಾಪಾಡು" ಎನ್ನುವುದು ಒಂದೇ ಮಾತು. ಅದಕ್ಕಿಂತ ಉದ್ದದ ಪ್ರಾರ್ಥನೆ ಅವರಿಗೆ ಬೇಕಾಗಿರಲಿಲ್ಲ.

೧೯೬೧ರಲ್ಲಿ ಮೇದಪ್ಪನ ಕೈಹಿಡಿದು ಬೆಟ್ಟಂಪಾಡಿಯ ಸೇವಂತಿ ಮನೆಗೆ ಬಂದಳು. ಸ್ವಲ್ಪ ದಿನದಲ್ಲೇ ಅವಳಿಗೆ ಸಂಜೆ ಜ್ವರ, ಕೆಮ್ಮು. ಪುತ್ತೂರಿನ ರಾಧಾಕೃಷ್ಣ ಡಾಕ್ಟರು ಪರೀಕ್ಷಿಸಿ ಕ್ಷಯ ಎಂದರು. ಮೊದಲ ಕೆಲವು ತಿಂಗಳು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಎರಡು ಬಗೆಯ ಮಾತ್ರೆ. ಒಂದೂವರೆ ವರ್ಷ ಬಿಡಬಾರದು ಎಂದು ಹೇಳಿ ಕಳಿಸಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಜ್ವರ ಬಿಟ್ಟಿತು, ಕೆನ್ನೆ ತುಂಬಿತು. ಆಗ ಆಟಿ ತಿಂಗಳು, ತುಳುನಾಡಿನ ಆಷಾಢ, ಬಂತು.

ಮದುವೆಯಾದ ವರ್ಷ ಮಗಳು ಆಟಿ ತಿಂಗಳನ್ನು ತವರಿನಲ್ಲಿ ಕಳೆಯುವುದು ನಮ್ಮ ಕಡೆಯ ಕ್ರಮ. ಆಟಿ ಕೂರುವುದು ಎನ್ನುತ್ತಾರೆ. ಸೇವಂತಿಯೂ ಹೋದಳು. ಮಾತ್ರೆಯ ಪೊಟ್ಟಣವನ್ನು ಮಾತ್ರ ಗಂಡನ ಮನೆಯಲ್ಲೇ, ಹುಲ್ಲು ಸುತ್ತಿ ಕಟ್ಟಿದ ಅಕ್ಕಿ ಮುಡಿಯ ಹಿಂದೆ ಅಡಗಿಸಿಟ್ಟು ಹೋದಳು. ತಂಗಿ ಪಂಕಜಾಕ್ಷಿಗೆ ಗಂಡು ನೋಡುತ್ತಿದ್ದರು. ಅಕ್ಕನಿಗೆ ಕ್ಷಯವೆಂದು ಸುದ್ದಿಯಾದರೆ ಆ ಮನೆಯ ಮೆಟ್ಟಿಲು ಯಾರು ಹತ್ತುತ್ತಾರೆ? ಆಟಿ ಅಮಾವಾಸ್ಯೆಯ ಬೆಳಿಗ್ಗೆ ತಾಯಿ ದುಗ್ಗಮ್ಮ ಪಾಲೆ ಮರದ ತೊಗಟೆಯ ಕಷಾಯ ತಂದು, "ಕುಡಿ ಮಗಳೇ, ಇದರಲ್ಲಿ ಇಲ್ಲದ ಮದ್ದಿಲ್ಲ. ವರ್ಷಕ್ಕೆ ಇದೊಂದೇ ಸಾಕು" ಎಂದರು. ಸೇವಂತಿಗೂ ಅದನ್ನೇ ನಂಬಬೇಕಿತ್ತು. ನಂಬಿದಳು.

ತಿರುಗಿ ಬಂದ ಮೇಲೆ ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕೆಮ್ಮಿನಲ್ಲಿ ರಕ್ತ ಕಂಡಿತು. ಡಾಕ್ಟರು ಕಫವನ್ನು ಮಂಗಳೂರಿಗೆ ಕಳಿಸಿದರು. ವಾರಗಟ್ಟಲೆ ಕಾದ ಮೇಲೆ ಉತ್ತರ ಬಂತು: ಹಳೆಯ ಮದ್ದುಗಳು ಈ ಕ್ರಿಮಿಗೆ ತಾಗುವುದಿಲ್ಲ.

ಆಸ್ಪತ್ರೆಯ ಜಗಲಿಯಲ್ಲಿ ಚಾಪೆ ಹೆಣೆಯುತ್ತ ಕಾದಿದ್ದ ದೇವಮ್ಮ ಕೇಳಿದರು: "ಮೊದಲು ತಾಗಿದ ಮದ್ದು ಈಗ ಎಂತಕ್ಕೆ ತಾಗುದಿಲ್ಲ ಡಾಕ್ಟ್ರೆ? ಹಳತಾಯ್ತಾ?"

"ಮದ್ದು ಅದೇ ಉಂಟು. ಕ್ರಿಮಿ ಅದೇ ಅಲ್ಲ." ಡಾಕ್ಟರು ಅವರ ಕೈಯಲ್ಲಿದ್ದ ಅರ್ಧ ಚಾಪೆಯನ್ನು ನೋಡಿದರು. "ಚಾಪೆ ಹರಿದರೆ ಎಂತ ಮಾಡ್ತೀರಿ?"

"ಓಲೆ ಸೇರಿಸಿ ಹೆಣೆಯುದು."

"ಗಡಿಬಿಡಿಯಲ್ಲಿ ಹೆಣೆದರೆ?"

"ಎಲ್ಲಿಯಾದ್ರೂ ಒಂದೆಳೆ ತಪ್ತದೆ."

"ಕ್ರಿಮಿಯ ಒಳಗೂ ಹಾಗೇ ಒಂದು ಹೆಣಿಗೆ ಉಂಟು. ಅದು ಹರಿದರೆ ಕ್ರಿಮಿ ತಾನೇ ರಿಪೇರಿ ಮಾಡಿಕೊಳ್ತದೆ. ಆ ಅವಸರದಲ್ಲಿ ಎಳೆ ತಪ್ತದೆ. ತಪ್ಪಿದ ಹೆಚ್ಚಿನವು ಸಾಯ್ತವೆ. ಎಲ್ಲೋ ಒಂದಕ್ಕೆ ಆ ತಪ್ಪೇ ಲಾಭ ಆಗ್ತದೆ, ನಮ್ಮ ಮದ್ದು ಅದಕ್ಕೆ ಹಿಡಿಯುದಿಲ್ಲ. ಅದರ ಮಕ್ಕಳೂ ಹಾಗೇ ಹುಟ್ತವೆ. ಎರಡು ಮದ್ದು ಒಟ್ಟಿಗೆ, ಬಿಡದೆ ಕೊಡುದು ಇದಕ್ಕೇ. ಒಂದರಿಂದ ತಪ್ಪಿಸಿಕೊಂಡದ್ದನ್ನು ಇನ್ನೊಂದು ಹಿಡಿಯಬೇಕು. ಮಧ್ಯದಲ್ಲಿ ಬಿಟ್ಟು, ಆಮೇಲೆ ಒಂದು ದಿನ ನುಂಗಿ ಒಂದು ದಿನ ಬಿಟ್ಟರೆ ಗಟ್ಟಿಯವು ಮಾತ್ರ ಉಳಿದು ಬೆಳೀತವೆ."

ಪಕ್ಕದಲ್ಲಿ ಕೂತಿದ್ದ ಸೇವಂತಿ ಅಳುತ್ತಾ ಅಕ್ಕಿ ಮುಡಿಯ ಹಿಂದಿನ ಪೊಟ್ಟಣದ ಕತೆ ಹೇಳಿದಳು. ದೇವಮ್ಮ ಬೈಯಲಿಲ್ಲ. "ಬೇರೆ ಮದ್ದು ಉಂಟಾ?" ಎಂದಷ್ಟೇ ಕೇಳಿದರು.

"ಮದರಾಸಿನಿಂದ ತರಿಸಬೇಕು. ಹೊಟ್ಟೆ ತೊಳೆಸ್ತದೆ, ತಲೆ ತಿರುಗ್ತದೆ. ಇದೂ ಕೈಕೊಟ್ಟರೆ ನನ್ನಲ್ಲಿ ಬೇರೆ ಇಲ್ಲ ದೇವಮ್ಮಕ್ಕ."

"ನೀವು ತರಿಸಿ. ನುಂಗಿಸುದು ನನಗಿರಲಿ."

ಅಂದಿನಿಂದ ಬೆಳಿಗ್ಗೆಯೊಂದು, ಸಂಜೆಯೊಂದು; ದೀಪ ಇಟ್ಟ ಕೈಯೇ ಮಾತ್ರೆಯನ್ನೂ ಕೊಟ್ಟಿತು. ಸೇವಂತಿ ಬಚ್ಚಲಿಗೆ ಓಡುವಳು, ಗೋಡೆ ಹಿಡಿದು ಬರುವಳು. "ಇವತ್ತೊಂದು ದಿನ ಬೇಡ ಅತ್ತೆ."

"ನಾಳೆಯೂ ಇದನ್ನೇ ಹೇಳ್ತೀ. ನುಂಗು, ಆಮೇಲೆ ನನಗೆ ಬೈ."

ಸೇವಂತಿ ನಿಜವಾಗಿಯೂ ಬೈಯುತ್ತಿದ್ದಳು. ದೇವಮ್ಮ ಓಲೆಯಿಂದ ಕಣ್ಣೆತ್ತದೆ, "ಇಷ್ಟೇಯಾ? ನಿನ್ನೆಯದ್ದು ಇದಕ್ಕಿಂತ ಲಾಯ್ಕಿತ್ತು" ಎನ್ನುತ್ತಿದ್ದರು.

ಮಳೆಗಾಲ ಹಿಡಿಯುವಾಗ ಕಫದಲ್ಲಿ ಕ್ರಿಮಿ ಕಾಣಲಿಲ್ಲ. ಆದರೆ ಮದ್ದು ಇನ್ನೂ ಬಹಳ ದಿನ ಉಳಿದಿತ್ತು. ಅಷ್ಟರಲ್ಲಿ ಬೆಟ್ಟಂಪಾಡಿಯಿಂದ ಹೇಳಿಕೆ ಬಂತು: ಪಂಕಜಾಕ್ಷಿಯ ಮದುವೆ ನಿಶ್ಚಯವಾಗಿದೆ, ಈ ಆಟಿಗೂ ಸೇವಂತಿ ಬರಲಿ. ಕಳಿಸದಿದ್ದರೆ ಹತ್ತು ಬಾಯಿ ಹತ್ತು ಮಾತು. ಮಾತ್ರೆ ತಪ್ಪದಿದ್ದರೆ ಹೋಗಬಹುದು ಎಂದರು ಡಾಕ್ಟರು. ದೇವಮ್ಮ ಓಲೆಯ ಕಟ್ಟಿನೊಳಗೆ ಪೊಟ್ಟಣ ಸುತ್ತಿಕೊಂಡು ಸೊಸೆಯ ಹಿಂದೆಯೇ ಹೊರಟರು.

ಬಸ್ಸು ಕಾಯುತ್ತಿದ್ದ ನೆರೆಮನೆಯ ಕಿಟ್ಟಣ್ಣ ನಕ್ಕರು. "ಅತ್ತೆ ಆಟಿ ಕೂರುದು ಎಲ್ಲಿಯಾದ್ರೂ ಉಂಟಾ ಮಾರಾಯ್ರೆ? ನಿಮಗೂ ಹೊಸ ಮದುವೆಯಾ?"

"ಹೌದು ಕಿಟ್ಟಣ್ಣ, ನಿಮಗೆ ಹೇಳಿಕೆ ಮುಟ್ಟಲಿಲ್ವಾ?"

ಮದುವೆಗೆ ಚಾಪೆ ಹೆಣೆಯಲು ಬಂದೆ ಎಂದು ದೇವಮ್ಮ ಬೀಗರ ಮನೆಯ ಜಗಲಿಯಲ್ಲಿ ಕೂತರು. ನಿಜವಾಗಿಯೂ ಹೆಣೆದರು. ಅಮಾವಾಸ್ಯೆಯ ಬೆಳಿಗ್ಗೆ ದುಗ್ಗಮ್ಮ ಕಷಾಯದ ಲೋಟ ಹಿಡಿದು ಬಂದಾಗ ಸೇವಂತಿಯ ಅಂಗೈಯಲ್ಲಿ ಮಾತ್ರೆ ಇತ್ತು.

"ಇದೆಂತ? ಕಷಾಯ ಕುಡಿಯುವ ದಿನ ಬೇರೆ ಮದ್ದು ಮುಟ್ಟಬಾರದು."

ದೇವಮ್ಮ ಬಾಗಿಲು ಎಳೆದುಕೊಂಡು ಎಲ್ಲವನ್ನೂ ಹೇಳಿದರು. "ಸಣ್ಣವಳ ಮದುವೆ ನಿಲ್ಲಬಾರದು ಅಂತ ದೊಡ್ಡವಳು ಒಂದು ಸಲ ಮದ್ದು ಬಿಟ್ಟಿದ್ದಾಳೆ ಅಕ್ಕ. ಇನ್ನೊಂದು ಸಲ ಬಿಟ್ಟರೆ ಮದುವೆ ನೋಡ್ಲಿಕ್ಕೆ ಇವಳೇ ಇರುದಿಲ್ಲ."

ದುಗ್ಗಮ್ಮ ಲೋಟ ಕೆಳಗಿಟ್ಟು ಮಗಳ ಪಕ್ಕ ಕೂತರು. "ನನ್ನಲ್ಲಿ ಹೇಳ್ಲಿಕ್ಕಾಗಲಿಲ್ವಾ ಮಗಳೇ?" ಎಂದವರು ಸೆರಗಿನಲ್ಲಿ ಕಣ್ಣೊರಸಿಕೊಂಡರು. ಆಮೇಲೆ ಬೀಗಿತ್ತಿಯ ಕಡೆ ತಿರುಗಿದರು. "ಯಾವುದು ಮೊದಲು?"

"ಮಾತ್ರೆ. ಅದು ಹೊಟ್ಟೆಯಲ್ಲಿ ನಿಂತ ಮೇಲೆ ನಿಮ್ಮ ಕಷಾಯ."

ಮರುದಿನದಿಂದ ನೀರಿನ ಚೊಂಬು ಹಿಡಿದು ಮೊದಲು ಕರೆಯುತ್ತಿದ್ದವರು ದುಗ್ಗಮ್ಮನೇ. ಆಟಿ ಕಳೆದು ನಡೆದ ಪಂಕಜಾಕ್ಷಿಯ ಮದುವೆಯಲ್ಲಿ ನೆಂಟರೆಲ್ಲ ದೇವಮ್ಮನ ಚಾಪೆಗಳ ಮೇಲೆ ಕೂತರು. ಸೇವಂತಿ ಓಡಾಡಿ ವೀಳ್ಯ ಹಂಚಿದಳು.

೧೯೬೪ರಲ್ಲಿ ಡಾಕ್ಟರು, ಇನ್ನು ಮದ್ದು ಬೇಡ, ಗುಣವಾಯಿತು ಎಂದರು. "ಸರಿಯಾಗಿ ನೋಡಿದ್ರಲ್ಲ ಡಾಕ್ಟ್ರೆ? ಬೇಕಾದ್ರೆ ಇನ್ನೊಂದು ತಿಂಗಳು ನುಂಗಿಸ್ತೇನೆ" ಎಂದರು ದೇವಮ್ಮ. ಸೇವಂತಿ ಅವರ ಕೈಹಿಡಿದು ಹೊರಗೆ ಎಳೆದುಕೊಂಡು ಬಂದಳು.

ಆ ಸಂಜೆ ದೀಪಕ್ಕೆ ಕೈಮುಗಿದ ಸೇವಂತಿ ಅಭ್ಯಾಸದಂತೆ ಮಾತ್ರೆಗೆ ಅಂಗೈ ಚಾಚಿದಳು. ದೇವಮ್ಮ ಡಬ್ಬಿ ತೆರೆದು ಆ ಕೈಗೆ ಒಂದು ತುಂಡು ಬೆಲ್ಲ ಇಟ್ಟರು.