ಅಮಾವಾಸ್ಯೆಗೆ ಮಾತ್ರ ನೆಟ್ಟಗಿದ್ದ ಕಂಪ್ಯೂಟರ್

ನಮ್ಮ ಸೋದರತ್ತೆಯ ಕಂಪ್ಯೂಟರಿನಂಥ ಹಟಮಾರಿ ಯಂತ್ರವನ್ನು ನಾನು ಇನ್ನೊಂದು ಕಂಡಿಲ್ಲ. ಒಂದು ಕಾಲಕ್ಕೆ ಬೆಳ್ಳಗಿದ್ದ ಅದರ ಡಬ್ಬಿ ಹಳದಿಗೆ ತಿರುಗಿದೆ, ಪರದೆ ಹಿಂದಕ್ಕೆ ಹೊಟ್ಟೆ ಬಿಟ್ಟುಕೊಂಡು ಅರ್ಧ ಮೇಜನ್ನು ನುಂಗಿದೆ. ಅತ್ತೆ ಬನಹಟ್ಟಿಯಲ್ಲಿ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದವಳು. ಮೊದಲು ಚೌಕಳಿ ಹಾಳೆಯ ಮೇಲೆ, ಆಮೇಲೆ ಇದೇ ಕಂಪ್ಯೂಟರಿನಲ್ಲಿ. ಯಾರದನ್ನೂ ನೋಡದೆ ಅವಳು ತಾನೇ ಕಟ್ಟಿದ ಅಂಚು ಎಂದರೆ ಜೋಳದ ತೆನೆಯದು. ಒಂದು ತೆನೆ ಮೇಲಕ್ಕೆ ನೋಡಿದರೆ ಪಕ್ಕದ್ದು ಕೆಳಕ್ಕೆ ನೋಡುತ್ತದೆ. ಆ ಅಂಚಿನ ಸೀರೆಯನ್ನು ಅವಳೇ ಉಟ್ಟು ಉಟ್ಟು ಸವೆಸಿದಳು. ಅದೀಗ ಕೌದಿಯಲ್ಲಿ ತೇಪೆಯಾಗಿದೆ, ತೆನೆ ಯಾವುದು ಎಲೆ ಯಾವುದು ತಿಳಿಯುವುದಿಲ್ಲ. ನಕ್ಷೆ ಉಳಿದದ್ದು ಕಂಪ್ಯೂಟರಿನೊಳಗೆ ಮಾತ್ರ. ಅತ್ತೆಯ ಕೈ ಈಗ ನಡುಗುತ್ತದೆ, ಮತ್ತೊಮ್ಮೆ ಬರೆಯುವುದು ಆಗದ ಮಾತು.

ಹೋದ ವರ್ಷ ರಬಕವಿಯ ನೇಕಾರರೊಬ್ಬರು, ಅತ್ತೆಗೆ ಹಳೆಯ ಪರಿಚಯದವರು, ಮನೆಗೆ ಬಂದರು. "ಅಕ್ಕಾರ, ಈಗ ಮಗ್ಗದ ಮ್ಯಾಲಿರೂ ಹಾಸಿನ ನೂಲು ತೀರಿತಂದ್ರ ನಾ ಕೈಮಗ್ಗ ಬಿಚ್ಚಿ ಇಡಾಂವ. ಅಷ್ಟರಾಗ ನಿಮ್ಮ ತೆನಿ ಅಂಚಿನ ಸೀರಿ ಒಂದು ನೇದು ಕೊಡ್ತೇನ್ರಿ. ನಕ್ಷಾ ಲಗೂ ಕಳಸ್ರಿ" ಎಂದರು. ಅತ್ತೆ ಅವತ್ತು ಅವರ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತಳು.

ನಾನು ಜಮಖಂಡಿಯಲ್ಲಿ ಕಚೇರಿ ಕೆಲಸದವಳು. ರವಿವಾರ ಬಂತೆಂದರೆ ಬನಹಟ್ಟಿಯ ಬಸ್ಸು ಹತ್ತತೊಡಗಿದೆ. ನಕ್ಷೆಯ ಆ ಹಳೆಯ ಪ್ರೋಗ್ರಾಮು ಆ ಯಂತ್ರ ಬಿಟ್ಟು ಬೇರೆಲ್ಲೂ ತೆರೆಯದು. ನಕ್ಷೆಯೋ ಪರದೆಗಿಂತ ಎಷ್ಟೋ ಉದ್ದ, ಅದನ್ನು ಪೂರ್ತಿ ತೆರೆದು ಹೊರಗೆ ತೆಗೆಯಲು ಅರ್ಧ ತಾಸು ಬೇಕು. ಆ ಅರ್ಧ ತಾಸು ಅದು ಕೊಡಬೇಕಲ್ಲ! ಚೆನ್ನಾಗಿ ನಡೆಯುತ್ತಿರುವಾಗಲೇ ಬಾಣದ ಗುರುತು ಗೂಟಕ್ಕೆ ಕಟ್ಟಿದ ಎತ್ತಿನಂತೆ ನಿಂತುಬಿಡುವುದು. ಒಮ್ಮೊಮ್ಮೆ ತಾನೇ ಆರಿ ತಾನೇ ಹತ್ತಿಕೊಳ್ಳುವುದು. ಹೊತ್ತಿಲ್ಲ, ಗೊತ್ತಿಲ್ಲ.

ಡಬ್ಬಿ ಬಿಚ್ಚಿದೆ. ಒಳಗೆ ತಲೆದಿಂಬಿಗಾಗುವಷ್ಟು ನೂಲಿನ ಧೂಳು. ಫ್ಯಾನನ್ನು ಬ್ರಷ್ಷಿನಿಂದ ತಿಕ್ಕಿದೆ. ಮೆಮೊರಿ ಪಟ್ಟಿಯನ್ನು ಕಿತ್ತು ಅದರ ಬಂಗಾರದ ಹಲ್ಲುಗಳನ್ನು ಸಾಲಿ ಮಕ್ಕಳ ರಬ್ಬರಿನಿಂದ ಉಜ್ಜಿದೆ. ಕಚೇರಿಯಿಂದ ಯುಪಿಎಸ್ ಬೇಡಿ ತಂದು ಹಚ್ಚಿದರೆ ರೋಗ ಇನ್ನೂ ಹೆಚ್ಚಾಯಿತು. ಗುಡ್ಡ ಅಗೆದು ಇಲಿ ಹಿಡಿದರು ಅನ್ನುತ್ತಾರೆ, ನನಗೆ ಇಲಿಯೂ ಸಿಗಲಿಲ್ಲ.

"ಜಮಖಂಡಿ ಅಂಗಡಿಗೆ ಒಯ್ತೀನಿ ಅತ್ತಿ."

"ಓಣ್ಯಾಗಿನವ್ರದು ರಿಪೇರಿಗೆ ಹೋಗಿ ಎಲ್ಲಾ ಅಳಿಸ್ಕೊಂಡು ಬಂತು. ಇದು ಹೊಸ್ತಿಲಾ ದಾಟೂದಿಲ್ಲ" ಎಂದಳು. ಮುಗಿಯಿತು ಮಾತು.

ಹೀಗಿರುವಾಗ ಒಂದು ರವಿವಾರವೇ ಅಮಾವಾಸ್ಯೆ ಬಂತು. ಅವತ್ತು ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ. ಅದನ್ನು ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಾರೆ. ಅತ್ತೆಯ ಮನೆಯಲ್ಲಿ ಆ ಮರ್ಯಾದೆ ಕಂಪ್ಯೂಟರಿಗೂ ಉಂಟು. ಪೂಜೆಯ ಹೊತ್ತಿಗೆ ಅದು ಕಣ್ಣು ತೆರೆದಿರಬೇಕೆಂದು ಚಾಲೂ ಮಾಡಿ, ಹಣೆಗೆ ಮೂರೆಳೆ ವಿಭೂತಿ ಎಳೆದಳು. ನಾವು ಹೋಳಿಗೆ ಉಂಡು, ಎಲೆ ಅಡಿಕೆ ಹಾಕಿಕೊಂಡು, ಒಂದು ನಿದ್ದೆಯನ್ನೂ ತೆಗೆದು ಬಂದು ನೋಡಿದರೆ ಅದು ಇನ್ನೂ ನಡೆಯುತ್ತಿದೆ! ಬಾಣ ಎಳೆದತ್ತ ಓಡುತ್ತಿದೆ!

"ಅತ್ತೀ, ಬಾ ಬೇ! ಲಗೂ ಬಾ! ಈಗ ತೆಗದು ಬಿಡೂಣು!"

ಅತ್ತೆ ಬಂದಳು, ಕಣ್ಣು ತುಂಬ ನೋಡಿದಳು. ಆಮೇಲೆ ಮೌಸಿನ ಮೇಲಿದ್ದ ನನ್ನ ಕೈಯನ್ನು ಎತ್ತಿ ಪಕ್ಕಕ್ಕಿಟ್ಟಳು. "ಇವತ್ತ ಬ್ಯಾಡ. ಮಗ್ಗ ಮುಟ್ಟದ ದಿನಾ ಅಂಚು ತಗೀಬಾರದು."

"ಮತ್ತ ನಾಳೆ ಇದು ನಿಂತಿತಂದ್ರ?"

"ನಿಂತ್ರ ನಿಲ್ಲವಲ್ಲದ್ಯಾಕ" ಎಂದು ಬಟನ್ ಒತ್ತಿ ಆರಿಸಿಯೇಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಸೀರೆ ಬೇಕಾದದ್ದು ಅವಳಿಗೆ, ಹಾಸು ತೀರುತ್ತ ಬಂದದ್ದು ಗೊತ್ತಿದ್ದದ್ದೂ ಅವಳಿಗೆ! ಹೊರಗೆ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕುಳಿತೆ. ಓಣಿ ಗಪ್ಪಾಗಿತ್ತು. ಹಗಲು ರಾತ್ರಿ ನಡೆಯುವ ಎದುರಿನ ಪವರ್‌ಲೂಮ್ ಶೆಡ್ಡಿನ ಖಟಖಟ ಇಲ್ಲದ್ದಕ್ಕೆ ದೂರದ ಗಿರಣಿಯ ಸದ್ದು ಕೂಡ ಕೇಳುತ್ತಿತ್ತು. ಆಗ ತಟ್ಟನೆ ಹೊಳೆಯಿತು. ಇವತ್ತು ಮಗ್ಗ ಇಲ್ಲ, ಇವತ್ತು ಕಂಪ್ಯೂಟರ್ ನಿಲ್ಲಲಿಲ್ಲ. ಕುಣಿಯುವಷ್ಟು ಹುರುಪು ಬಂತು.

ಮರುದಿನ ಕಚೇರಿಗೆ ರಜೆ ಹಾಕಿದೆ. ಶೆಡ್ಡು ನಡೆಸುವ ಕಾಕಾರನ್ನು ಕಾಡಿ ಬೇಡಿ, ಹೇಳಿದಾಗ ಮೋಟಾರು ಆರಿಸಿ ಹಚ್ಚಲು ಒಪ್ಪಿಸಿದೆ. ನಾನು ಪರದೆಯ ಮುಂದೆ, ಅತ್ತೆ ಬಾಗಿಲಲ್ಲಿ, ಕಾಕಾ ಸ್ವಿಚ್ಚಿನ ಹತ್ತಿರ.

"ಹಚ್ಚಂತ ಹೇಳ ಅತ್ತಿ!"

ಅತ್ತೆ ಸೆರಗು ಬೀಸಿದಳು. ಶೆಡ್ಡಿನ ಮೋಟಾರು ಗುರ್ ಎಂದಿತು, ಮನೆಯ ದೀಪ ರೆಪ್ಪೆ ಬಡಿಯಿತು, ಬಾಣ ನಿಂತಿತು! ಮತ್ತೆ ಮಾಡಿಸಿದೆ, ಮತ್ತೆ ನಿಂತಿತು. ಇಷ್ಟು ದಿನ ನನ್ನ ಜೀವ ತಿಂದ ನಿಲುಗಡೆಯನ್ನು ನೋಡಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ ಇರಬೇಕು. ಹೊತ್ತು ಗೊತ್ತು ಇಲ್ಲದ್ದು ಯಾಕೆಂದೂ ತಿಳಿಯಿತು. ಅಲ್ಲಿ ಎಳೆ ಹರಿದಾಗ ಮೋಟಾರು ಬಂದ್ ಮಾಡಿ, ಗಂಟು ಹಾಕಿ, ಮತ್ತೆ ಹಚ್ಚುತ್ತಾರೆ. ಎದುರಿಗೆ ಎಳೆ ಹರಿದಾಗೆಲ್ಲ ಇಲ್ಲಿ ನಮ್ಮದು ಉಸಿರು ಬಿಡುತ್ತಿತ್ತು.

"ಹೆಂಗಾರ ಆಗಲಿ, ಅರ್ಧ ತಾಸು ಮಗ್ಗ ಬಂದ್ ಇಡ್ತೇನಿ" ಎಂದರು ಕಾಕಾ. ಅತ್ತೆ ಒಪ್ಪಲಿಲ್ಲ. "ನನ್ನ ಅಂಚಿಗಾಗಿ ಮಂದಿ ಮಗ್ಗ ನಿಲ್ಲಬಾರದಪಾ."

ನಾನು ಇನ್ನೂ ಬಿಚ್ಚಿ ನೋಡದೆ ಉಳಿದದ್ದು ಡಬ್ಬಿಯೊಳಗೆ ಕಂಪ್ಯೂಟರಿಗೆ ಕರೆಂಟು ಹಂಚುವ ತಗಡಿನ ಪೆಟ್ಟಿಗೆ. ಅದೊಂದನ್ನು ಮಾತ್ರ ಹೊಸ್ತಿಲು ದಾಟಿಸಲು ಅತ್ತೆ ಅಪ್ಪಣೆ ಕೊಟ್ಟಳು. ಮುಧೋಳದಲ್ಲಿ ಹಳೆಯ ಟೀವಿ ರಿಪೇರಿಯವರು ಬಿಚ್ಚಿ ತೋರಿಸಿದರು. ಕರೆಂಟು ಕಣ್ಣು ಮಿಟುಕಿಸಿದಾಗ ಸಂಭಾಳಿಸಬೇಕಾದ ಕೆಪ್ಯಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಬಹಳ ಮುಪ್ಪಾಗಿದ್ದವು, ಪಾಪ. ಯುಪಿಎಸ್ ಬ್ಯಾಟರಿಗೆ ಬದಲಾಗುವ ಒಂದು ಕ್ಷಣವನ್ನೂ ಅವು ತಾಳುತ್ತಿರಲಿಲ್ಲ. ಹೊಸವನ್ನು ಬೆಸೆಸಿಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದೆ.

ಜೋಡಿಸಿ ಚಾಲೂ ಮಾಡಿದಾಗ ಎದುರಿನ ಶೆಡ್ಡು ಭರ್ತಿ ನಡೆದಿತ್ತು. ಮೋಟಾರು ನಿಂತಿತು, ಹತ್ತಿತು. ದೀಪ ರೆಪ್ಪೆ ಬಡಿಯಿತು. ಬಾಣ ನಿಲ್ಲಲಿಲ್ಲ. ಪರದೆಯ ಮೇಲೆ ಒಂದು ತೆನೆ ಮೇಲಕ್ಕೆ, ಒಂದು ಕೆಳಕ್ಕೆ, ಮತ್ತೊಂದು ಮೇಲಕ್ಕೆ, ಸಾಲುಸಾಲಾಗಿ ಬರತೊಡಗಿದವು. ನಾನು ಅತ್ತೆಯನ್ನು ಬಿಗಿಯಾಗಿ ತಬ್ಬಿಕೊಂಡು ಕೂಗಿಬಿಟ್ಟೆ.

ಅತ್ತೆ ನಡುಗುವ ಬೆರಳನ್ನು ಗಾಜಿನ ಮೇಲಿಟ್ಟು ತೆನೆಗಳ ಗುಂಟ ಸರಿಸಿದಳು. ಹೊರಗೆ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು.

"ನೋಡ ಹುಚ್ಚಿ" ಎಂದಳು, "ಎಲ್ಲಾರೂ ದುಡಿಯೂ ದಿನಾನ ಅಂಚು ಬಂತು."

ನಕ್ಷೆ ಅವತ್ತೇ ರಬಕವಿಗೆ ಹೋಯಿತು, ತೆನೆ ಅಂಚಿನ ಸೀರೆಯೇ ಆ ನೇಕಾರರ ಕೈಮಗ್ಗದ ಕಡೆಯ ಸೀರೆಯಾಯಿತು. ಮುಂದಿನ ಅಮಾವಾಸ್ಯೆಗೆ ಅತ್ತೆ ಅದನ್ನುಟ್ಟು ಕಂಪ್ಯೂಟರಿಗೆ ವಿಭೂತಿ ಹಚ್ಚಿದಳು. ಈ ಸಲ ಚಾಲೂ ಮಾಡಗೊಡಲಿಲ್ಲ. "ಅದಕ್ಕೂ ಇವತ್ತ ಸೂಟಿ" ಎಂದಳು.